ಹಳೇಬೀಡನ್ನು ಒಂದೇ ಗುಡಿಗೆ ಮುಗಿಸಬೇಡಿ

ನಿಮ್ಮಲ್ಲಿ ಹಳೇಬೀಡಿಗೆ ಹೋಗಿಬಂದವರು ಎಷ್ಟು ಜನ? ಸ್ವಲ್ಪ ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಸರಿ, ಅಲ್ಲಿ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇದ್ದವರು? ನೋಡಿ, ಕೈಗಳೆಲ್ಲ ಇಳಿದುಬಿಟ್ಟವು. ನಿಮ್ಮದೇನೂ ತಪ್ಪಿಲ್ಲ ಬಿಡಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಪ್ರವಾಸವೇ ಹಾಗೆ. ಬೇಲೂರಿನಲ್ಲಿ ಮಂಗಳಾರತಿ, ಹಳೇಬೀಡಿನಲ್ಲಿ ಫೋಟೊ, ಬೆಳಗೊಳದಲ್ಲಿ ಮೆಟ್ಟಿಲು. ಡ್ರೈವರ್ ಹಾರ್ನ್ ಹೊಡೆದ ಕೂಡಲೇ ಓಡಬೇಕು.

ಆದರೆ ಹಳೇಬೀಡು ಒಂದು ರಾಜಧಾನಿ. ಹೊಯ್ಸಳರ ದೋರಸಮುದ್ರ ಅದು. 11ನೇ ಶತಮಾನದಿಂದ 14ನೇ ಶತಮಾನದವರೆಗೆ ಕರ್ನಾಟಕದ ದೊಡ್ಡ ಭಾಗವನ್ನು ಆಳಿದವರು ಇದ್ದ ಊರು. ನಾವು ನೋಡಿಬರುವುದು ಆ ಊರಿನ ಒಂದು ಗುಡಿಯನ್ನು ಮಾತ್ರ. ಉಳಿದ ಊರು ಹೊಲಗಳ ನಡುವೆ, ತಂತಿಬೇಲಿಯ ಒಳಗೆ, ಕೆರೆಯ ಆಚೆ, ಗುಡ್ಡದ ಮೇಲೆ ಚದುರಿ ಬಿದ್ದಿದೆ. ಅದನ್ನು ನೋಡುವುದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ಮೊದಲು ಕೆರೆಗೆ ಹೋಗಿ. ಗುಡಿಗಲ್ಲ, ಕೆರೆಗೆ. ಹೊಯ್ಸಳೇಶ್ವರ ಗುಡಿಯ ಪೂರ್ವಕ್ಕೆ ಕಾಣುವ ಆ ದೊಡ್ಡ ಕೆರೆ ಹೊಯ್ಸಳರಿಗಿಂತ ಹಳೆಯದು, ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ. ಹೊಯ್ಸಳರು ಮೂಲದಲ್ಲಿ ಮಲೆನಾಡಿನವರು. ಅವರ ಮೊದಲ ನೆಲೆ ಸೊಸೆವೂರು, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿಂದ ಬೇಲೂರಿಗೆ ಬಂದರು, ಆಮೇಲೆ ಇಲ್ಲಿಗೆ. ಮಳೆ ಸುರಿಯುವ ಕಾಡಿನಿಂದ ಮಳೆ ಕಡಿಮೆಯಾಗುವ ಬಯಲಿಗೆ ಇಳಿದು ಬಂದವರಿಗೆ ದೊಡ್ಡ ಊರು ಕಟ್ಟಬೇಕಾದರೆ ಮೊದಲು ನೀರು ಬೇಕು. ಇಲ್ಲಿ ಕೆರೆ ಸಿದ್ಧವಾಗಿತ್ತು. ಏರಿ ಮೇಲೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಊರಿನ ಅಳತೆ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಬೆಣ್ಣೆಗುಡ್ಡದ ಕಡೆ ಅರಮನೆ ಇತ್ತು ಎನ್ನುತ್ತಾರೆ. ಅರಮನೆ ಈಗ ಇಲ್ಲ. ಹಳೆಯ ಕಲ್ಲಿನ ಕೋಟೆಗೋಡೆಯ ತುಂಡುಗಳು ಅಲ್ಲಲ್ಲಿ ಹೊಲದ ಮಧ್ಯೆ ಉಳಿದಿವೆ. ಯಾರೋ ಕಟ್ಟಿದ ಬದು ಇರಬೇಕು ಅಂದುಕೊಂಡು ನಾವು ದಾಟಿ ಹೋಗುತ್ತೇವೆ.

ಈಗ ಗುಡಿ. ಹೊಯ್ಸಳೇಶ್ವರ ಎನ್ನುತ್ತೇವಾದರೂ ಅಲ್ಲಿರುವುದು ಜೋಡಿ ಗುಡಿ. ದಕ್ಷಿಣದ್ದು ಹೊಯ್ಸಳೇಶ್ವರ, ಉತ್ತರದ್ದು ಶಾಂತಲೇಶ್ವರ. ಒಂದು ರಾಜನ ಹೆಸರಿನದು, ಒಂದು ರಾಣಿಯ ಹೆಸರಿನದು. ಎರಡೂ ಕೆರೆಯ ಕಡೆ, ಪೂರ್ವಕ್ಕೆ ಮುಖ ಮಾಡಿವೆ. ಎರಡರ ಎದುರಿಗೂ ಒಂದೊಂದು ನಂದಿ ಮಂಟಪ. ದಕ್ಷಿಣದ ನಂದಿಯ ಹಿಂದೆ ಒಂದು ಚಿಕ್ಕ ಗರ್ಭಗುಡಿ ಇದೆ, ಅದರಲ್ಲಿ ಆಳೆತ್ತರದ ಸೂರ್ಯ. ಬಹಳ ಜನ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಹಾಗೇ ತಿರುಗಿಬಿಡುತ್ತಾರೆ. ನೀವು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ.

ಯಾರು ಕಟ್ಟಿಸಿದರು? ವಿಷ್ಣುವರ್ಧನ ಎಂದು ಶಾಲೆಯಲ್ಲಿ ಓದಿದ್ದೇವೆ. ಬೇಲೂರಿನ ಗುಡಿ ಅವನದೇ, ಅದರಲ್ಲಿ ಅನುಮಾನವಿಲ್ಲ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆ 1117ರಲ್ಲಿ ಅಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದ. ಹಳೇಬೀಡಿನ ಕಥೆ ಸ್ವಲ್ಪ ಬೇರೆ. ಈ ಗುಡಿಯ ಬಗ್ಗೆ ಹೇಳುವ ಶಾಸನ ಸಿಕ್ಕಿದ್ದು ಹತ್ತಿರದ ಘಟ್ಟದಹಳ್ಳಿಯಲ್ಲಿ, 1121ರದ್ದು. ಅದರ ಪ್ರಕಾರ ಗುಡಿ ಕಟ್ಟಿಸಿದವನು ಕೇತಮಲ್ಲ ಎಂಬ ಅಧಿಕಾರಿ. ರಾಜ ಅದಕ್ಕೆ ಭೂಮಿ ಬಿಟ್ಟುಕೊಟ್ಟ. ನನಗೆ ಈ ಸಂಗತಿ ಬಹಳ ಮುಖ್ಯ ಅನ್ನಿಸುತ್ತದೆ. ದೋರಸಮುದ್ರದ ಕಲ್ಲುಗಳಲ್ಲಿ ರಾಜರಷ್ಟೇ ಇಲ್ಲ. ಅಧಿಕಾರಿಗಳು, ದಂಡನಾಯಕನ ಮಕ್ಕಳು, ರಾಣಿಯರು, ಸೆಟ್ಟಿಗಳು, ಕವಿಗಳು ಎಲ್ಲರೂ ಒಂದೊಂದು ಕಲ್ಲು ಇಟ್ಟುಹೋಗಿದ್ದಾರೆ. ಹಾಳುಬಿದ್ದ ಊರಿನಲ್ಲಿ ಓಡಾಡುವಾಗ ಇದು ಯಾರದು, ಯಾಕೆ ಇಲ್ಲಿದೆ ಅಂತ ಕೇಳುತ್ತಾ ಹೋದರೆ ಊರು ನಿಧಾನಕ್ಕೆ ಜನರಿಂದ ತುಂಬಿಕೊಳ್ಳುತ್ತದೆ.

ಗೋಡೆಯ ಕೆತ್ತನೆ ನೋಡುವವರಿಗೆ ಒಂದು ಸಲಹೆ. ಪೂರ್ವದ ಕಡೆಯದನ್ನು ಬೆಳಿಗ್ಗೆ ನೋಡಿ, ಹಿಂಭಾಗದ ಪಶ್ಚಿಮದ ಗೋಡೆಯನ್ನು ಮಧ್ಯಾಹ್ನ ಮೂರರ ಮೇಲೆ ನೋಡಿ. ಪಶ್ಚಿಮದ ಗೋಡೆಯಲ್ಲೇ ದೊಡ್ಡ ದೊಡ್ಡ ದೇವರ ಮೂರ್ತಿಗಳಿರುವುದು. ಬೆಳಿಗ್ಗೆ ಆ ಕಡೆ ನೆರಳಿರುತ್ತದೆ, ಕಲ್ಲು ಬರೀ ಕಪ್ಪಾಗಿ ಕಾಣುತ್ತದೆ. ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಬೆರಳ ಉಂಗುರ, ಕೊರಳ ಹಾರದ ಮಣಿ ಎಲ್ಲ ಎದ್ದು ಕಾಣುತ್ತವೆ. ಮತ್ತೆ, ಚಪ್ಪಲಿ ಹೊರಗೆ ಬಿಟ್ಟು ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆಯ ಮೇಲೆ ನಡೆಯಬೇಕು. ಬೇಸಿಗೆಯ ಮಧ್ಯಾಹ್ನ ಆ ಕಲ್ಲು ಕಾದ ಕಾವಲಿಯ ಹಾಗಿರುತ್ತದೆ. ಒಂದು ಜೊತೆ ಕಾಲುಚೀಲ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಶಿಲ್ಪದ ಬಗ್ಗೆ ಎಷ್ಟು ಓದಿಕೊಂಡು ಹೋದರೂ ಅಂಗಾಲು ಸುಡುತ್ತಿದ್ದರೆ ಏನೂ ತಲೆಗೆ ಹತ್ತುವುದಿಲ್ಲ.

ಇಷ್ಟು ಸೂಕ್ಷ್ಮ ಕೆಲಸ ಹೇಗೆ ಸಾಧ್ಯವಾಯಿತು ಅಂತ ಎಲ್ಲರೂ ಕೇಳುತ್ತಾರೆ. ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಗ್ರಾನೈಟಿನಲ್ಲಿ ಕನಸಿನಲ್ಲೂ ಆಗದ ಕೆಲಸ ಇಲ್ಲಿ ಆಗಿದೆ. ಹಾಗಂತ ಕಲ್ಲಿಗೇ ಪೂರ್ತಿ ಶ್ರೇಯಸ್ಸು ಕೊಡಬೇಡಿ. ಕೆಲವು ಮೂರ್ತಿಗಳ ಪೀಠದಲ್ಲಿ ಕೆತ್ತಿದವರು ತಮ್ಮ ಹೆಸರು ಬರೆದುಕೊಂಡಿದ್ದಾರೆ. ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ, ಹೀಗೆ. ಹಳಗನ್ನಡ ಲಿಪಿ ಓದಲು ಬರದಿದ್ದರೂ ಪರವಾಗಿಲ್ಲ, ಮೂರ್ತಿಯ ಕಾಲ ಕೆಳಗೆ ಅಕ್ಷರ ಇದೆಯಾ ಅಂತ ಹುಡುಕಿ. ಇಂಥ ಹೆಸರುಗಳು ನಮಗೆ ಎಲ್ಲ ಗುಡಿಗಳಲ್ಲೂ ಸಿಗುವುದಿಲ್ಲ.

ಗೋಡೆಯ ಕೆಳಭಾಗದಲ್ಲಿ ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ಪುರಾಣದ ಕಥೆಗಳು, ಆಮೇಲೆ ಮಕರ, ಹಂಸ. ಬಹಳ ಜನ ಆನೆ ಎಣಿಸುತ್ತಾ ನಿಂತುಬಿಡುತ್ತಾರೆ. ನೀವು ಕಥೆಗಳ ಪಟ್ಟಿಗೆ ಹೊತ್ತು ಕೊಡಿ. ಬಾಣದ ಹಾಸಿಗೆಯ ಮೇಲೆ ಮಲಗಿದ ಭೀಷ್ಮ ಇದ್ದಾನೆ, ಚಕ್ರವ್ಯೂಹ ಇದೆ, ಸಮುದ್ರಮಥನ ಇದೆ, ಪ್ರಹ್ಲಾದನಿಗೆ ಕೊಟ್ಟ ಹಿಂಸೆಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕಥೆ ನೀವು ಹೇಳಬೇಡಿ. ಇದು ಯಾರಿರಬಹುದು ಅಂತ ಅವರನ್ನೇ ಕೇಳಿ. ಟಿವಿಯಲ್ಲಿ ಮಹಾಭಾರತ ನೋಡಿದ ಮಗು ಚಕ್ರವ್ಯೂಹವನ್ನು ನಮಗಿಂತ ಬೇಗ ಹಿಡಿಯುತ್ತದೆ. ಮೇಲಿನ ದೊಡ್ಡ ಮೂರ್ತಿಗಳಲ್ಲಿ ಕೈಲಾಸ ಎತ್ತುತ್ತಿರುವ ರಾವಣನ ಮುಂದೆ ಸ್ವಲ್ಪ ನಿಲ್ಲಿ. ಬೆಟ್ಟದ ಮೇಲೆ ಶಿವ ಪಾರ್ವತಿ, ಗಣಗಳು, ಪ್ರಾಣಿಗಳು, ಕೆಳಗೆ ಹಲವು ತಲೆ, ಹಲವು ಕೈಯ ರಾವಣ. ಒಂದು ಕಲ್ಲಿನಲ್ಲಿ ಒಂದು ಇಡೀ ಬೆಟ್ಟ.

ಇಲ್ಲೊಂದು ಮಾತು, ಸ್ವಲ್ಪ ಅಡ್ಡದಾರಿ. ಇತ್ತೀಚೆಗೆ ಮೊಬೈಲಿನಲ್ಲಿ ವಿಡಿಯೊಗಳು ಓಡಾಡುತ್ತಿವೆ. ಹೊಯ್ಸಳರಿಗೆ ದೂರದರ್ಶಕ ಗೊತ್ತಿತ್ತು, ಈ ಮೂರ್ತಿಯ ಕೈಯಲ್ಲಿ ಯಂತ್ರದ ಹಲ್ಲುಚಕ್ರ ಇದೆ, ಈ ಕಂಬವನ್ನು ಮನುಷ್ಯರು ಮಾಡಲು ಸಾಧ್ಯವೇ ಇಲ್ಲ, ಅಂತೆಲ್ಲ. ನನಗೆ ಕೋಪ ಬರುವುದು ಸುಳ್ಳು ಹೇಳಿದರು ಅಂತಲ್ಲ. ರೇವೋಜ ಅಂತ ಒಬ್ಬ ಮನುಷ್ಯ ಉಳಿ ಹಿಡಿದು ಬೆನ್ನು ಬಗ್ಗಿಸಿ ಮಾಡಿದ ಕೆಲಸವನ್ನು ಅವನ ಕೈಯಿಂದ ಕಿತ್ತು ಇನ್ಯಾರಿಗೋ ಕೊಟ್ಟುಬಿಡುತ್ತಾರಲ್ಲ, ಅದಕ್ಕೆ. ಒಳಗಿನ ಕಂಬಗಳು ಲೇತ್ ಮೇಲೆ ತಿರುಗಿಸಿದ ಹಾಗೆ ನುಣುಪಾಗಿವೆ, ನಿಜ. ಕಂಬವನ್ನು ತಿರುಗಿಸಿ ಕಡೆಯುವ ತಂತ್ರ ಅವರಿಗೆ ಗೊತ್ತಿತ್ತು. ಅಷ್ಟೇ. ಅದೇನು ಕಡಿಮೆ ಸಂಗತಿಯೇ?

ಗುಡಿಯ ಆವರಣದಿಂದ ಹೊರಡುವ ಮೊದಲು ದಕ್ಷಿಣದ ಕಡೆ ಇರುವ ಗರುಡಗಂಬ ನೋಡಲೇಬೇಕು. ಎಲ್ಲ ವಿಷ್ಣು ಗುಡಿಗಳ ಮುಂದೆ ಇರುತ್ತಲ್ಲ, ಆ ಗರುಡಗಂಬ ಅಲ್ಲ ಇದು. ಹೊಯ್ಸಳರ ಕಾಲದಲ್ಲಿ ಗರುಡರು ಎಂದರೆ ರಾಜನ ಜೊತೆಗೇ ಬದುಕಿ, ರಾಜನ ಜೊತೆಗೇ ಸಾಯುತ್ತೇವೆ ಎಂದು ಆಣೆಯಿಟ್ಟ ಅಂಗರಕ್ಷಕರು. ಎರಡನೇ ವೀರಬಲ್ಲಾಳನ ಬಳಿ ಕುವರ ಲಕ್ಷ್ಮ ಎಂಬ ದಂಡನಾಯಕ ಇದ್ದ. ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಲಕ್ಷ್ಮ ಪ್ರಾಣ ಕೊಟ್ಟ. ಅವನ ಹೆಂಡತಿ ಸುಗ್ಗಲಾದೇವಿ ಕೊಟ್ಟಳು, ಅವನ ಪಡೆಯ ಭಟರೂ ಕೊಟ್ಟರು. ಕಂಬದ ಸುತ್ತ ಅವರ ಚಿತ್ರಗಳಿವೆ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ಗಂಡಸರು. ಹತ್ತಿರ ಹೋಗಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಇದನ್ನು ಸ್ವಾಮಿಭಕ್ತಿ ಎಂದು ಹಾಡಿ ಹೊಗಳುವವರಿದ್ದಾರೆ. ನನಗೆ ಅಷ್ಟು ಸುಲಭಕ್ಕೆ ಹೊಗಳಲು ಬಾಯಿ ಬರುವುದಿಲ್ಲ. ಸುಗ್ಗಲಾದೇವಿಯನ್ನು ಯಾರಾದರೂ ಕೇಳಿದ್ದರಾ ಅನ್ನಿಸುತ್ತದೆ. ಆದರೆ ರಾಜಧಾನಿ ಎಂದರೆ ಇದೂ ಸೇರಿ. ಒಬ್ಬ ರಾಜ ಸತ್ತರೆ ಊರಿನಲ್ಲಿ ಇನ್ನೆಷ್ಟು ಮನೆಗಳಲ್ಲಿ ಸಾವು ಅನ್ನುವುದಕ್ಕೆ ಆ ಕಂಬವೇ ಲೆಕ್ಕ.

ಆವರಣದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶುಕ್ರವಾರ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ನಗರೇಶ್ವರ ಎನ್ನುವ ಜಾಗ. ಅಗೆದು ತೆಗೆದ ಗುಡಿಗಳ ಅಡಿಪಾಯಗಳು ಅಲ್ಲಿವೆ. ಶಿವನ ಗುಡಿಯೂ ಇತ್ತು, ಜೈನ ಬಸದಿಯೂ ಇತ್ತು. ಈಗ ಉಳಿದಿರುವುದು ಮೊಣಕಾಲೆತ್ತರದ ಕಲ್ಲಿನ ಸಾಲುಗಳು, ಕಂಬದ ಬುಡಗಳು. ಬೇಲಿಯ ಹೊರಗೆ ನಿಂತು ಇಲ್ಲೇನೂ ಇಲ್ಲ ನಡಿ ಅಂದುಬಿಡುತ್ತಾರೆ ಜನ. ನನಗೆ ಹಳೇಬೀಡಿನಲ್ಲಿ ಬಹಳ ಇಷ್ಟವಾದ ಜಾಗಗಳಲ್ಲಿ ಇದೂ ಒಂದು. ಹೊಯ್ಸಳೇಶ್ವರದಲ್ಲಿ ನಮ್ಮ ಕಣ್ಣು ಗೋಡೆಗೆ ಅಂಟಿಕೊಳ್ಳುತ್ತದೆ, ಗುಡಿಯ ಆಕಾರ ಕಾಣುವುದೇ ಇಲ್ಲ. ಇಲ್ಲಿ ಗೋಡೆಯೇ ಇಲ್ಲವಲ್ಲ. ಹೀಗಾಗಿ ಗರ್ಭಗುಡಿ ಎಲ್ಲಿ, ಅದರ ಮುಂದಿನ ಕಂಬಗಳ ಮಂಟಪವಾದ ನವರಂಗ ಎಲ್ಲಿ, ಒಂದು ಗುಡಿಗೂ ಇನ್ನೊಂದಕ್ಕೂ ಎಷ್ಟು ಅಂತರ ಎಲ್ಲ ನೆಲದ ಮೇಲೆ ನಕ್ಷೆ ಬರೆದಿಟ್ಟಂತೆ ಸಿಗುತ್ತದೆ.

ಇನ್ನು ಬಸದಿಗಳು. ಹೊಯ್ಸಳೇಶ್ವರದಿಂದ ದಕ್ಷಿಣಕ್ಕೆ ಅರ್ಧ ಕಿಲೋಮೀಟರ್ ಇರಬಹುದು, ಬಸ್ತಿಹಳ್ಳಿ. ಒಂದೇ ಆವರಣದಲ್ಲಿ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊರಗೋಡೆ ಸಾದಾ. ಹೊಯ್ಸಳೇಶ್ವರದ ಜಾತ್ರೆ ನೋಡಿ ಬಂದ ಕಣ್ಣಿಗೆ ಮೊದಲು ಸಪ್ಪೆ ಅನ್ನಿಸಬಹುದು. ಒಳಗೆ ಹೋಗಿ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಅಲ್ಲಿರುವವರನ್ನು ಕೇಳಿದರೆ ಎಲ್ಲಿ ನಿಂತರೆ ಹೇಗೆ ಕಾಣುತ್ತೀರಿ ಎಂದು ತೋರಿಸುತ್ತಾರೆ. ಒಂದು ಕಂಬದಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ, ಮತ್ತೊಂದರಲ್ಲಿ ತಲೆಕೆಳಗು.

ಈ ಬಸದಿಯ ಕಥೆ ಕೇಳಿ. ವಿಷ್ಣುವರ್ಧನನ ದೊಡ್ಡ ದಂಡನಾಯಕ ಗಂಗರಾಜ. ಅವನ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ತೆಗೆದುಕೊಂಡು ಅರ್ಚಕರು ರಾಜನ ಬಳಿ ಬಂಕಾಪುರಕ್ಕೆ ಹೋದರು. ಅವನು ಆಗಷ್ಟೇ ಯುದ್ಧ ಗೆದ್ದಿದ್ದ. ಅದೇ ಹೊತ್ತಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಇತ್ತು. ಗೆಲುವು, ಮಗು, ಪ್ರಸಾದ ಮೂರೂ ಒಟ್ಟಿಗೆ ಬಂದವಲ್ಲ ಎಂದು ರಾಜನಿಗೆ ಎಲ್ಲಿಲ್ಲದ ಖುಷಿ. ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟ, ಮಗನಿಗೆ ವಿಜಯ ನರಸಿಂಹ ಎಂದು ಇಟ್ಟ. ಬೇಲೂರಿನಲ್ಲಿ ವಿಷ್ಣುವಿನ ದೊಡ್ಡ ಗುಡಿ ಕಟ್ಟಿಸಿದವನೇ ಈ ರಾಜ ಅನ್ನುವುದನ್ನು ಮರೆಯಬೇಡಿ. ಪಟ್ಟದ ರಾಣಿ ಶಾಂತಲೆ ಜೈನಳು. ಆಮೇಲೆ ಬಂದ ಕವಿಚಕ್ರವರ್ತಿ ಜನ್ನ ಇದೇ ಬಸದಿಗೆ ಬಾಗಿಲ ದ್ವಾರ ಕಟ್ಟಿಸಿದ ಎಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಕವಿಯೊಬ್ಬ ಕಟ್ಟಡ ಕಟ್ಟಿಸುವಷ್ಟು ದುಡ್ಡು ಕಂಡಿದ್ದ ಊರು ಅದು. ಇವತ್ತಿನ ಕವಿಗಳು ಇಲ್ಲಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಶಾಸನ ಇದೆ, ಇದೇ ಬಸದಿಗೆ ಸಂಬಂಧಪಟ್ಟದ್ದು, 1638ರದ್ದು. ಹೊಯ್ಸಳರು ಹೋಗಿ ಮುನ್ನೂರು ವರ್ಷದ ನಂತರದ ಮಾತು. ವೀರಶೈವರೊಬ್ಬರು ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದರು. ಜೈನರು ಅದನ್ನು ಅಳಿಸಿದರು. ಜಗಳ ಆಯಿತು. ಎರಡೂ ಕಡೆಯ ಹಿರಿಯರು ಸೇರಿ ರಾಜಿ ಮಾಡಿದರು: ಮೊದಲು ವಿಭೂತಿ, ವೀಳ್ಯ ಕೊಟ್ಟು, ಆಮೇಲೆ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ಮಾಡಿಕೊಳ್ಳಬಹುದು. ಜೈನರ ಕಡೆಯಿಂದ ನೋಡಿದರೆ ಇದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ, ಅವರದೇ ಬಸದಿ ಅಲ್ವಾ. ಆದರೂ ಪೂಜೆ ನಿಲ್ಲಲಿಲ್ಲ. ನಾನು ಇದನ್ನು ಹೇಳುತ್ತಿರುವುದಕ್ಕೆ ಬೇರೆ ಕಾರಣ ಇದೆ. 1638ರಲ್ಲಿ ಹಳೇಬೀಡಿನಲ್ಲಿ ಜಗಳವಾಡಲು ಜನ ಇದ್ದರು. ಊರು ಖಾಲಿಯಾಗಿರಲಿಲ್ಲ.

ಯಾಕೆಂದರೆ ಹಳೇಬೀಡು ಹೇಗೆ ಹಾಳಾಯಿತು ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮಲಿಕ್ ಕಾಫರ್ ಬಂದ, ಒಡೆದ, ಮುಗಿಯಿತು. 1311ರಲ್ಲಿ ಅವನು ಬಂದದ್ದು ನಿಜ. ಮೂರನೇ ಬಲ್ಲಾಳ ಆಗ ಪಾಂಡ್ಯರ ಜಗಳದಲ್ಲಿ ಲಾಭ ಸಿಗುತ್ತದೇನೋ ಎಂದು ದಕ್ಷಿಣಕ್ಕೆ ಹೋಗಿದ್ದ. ಸುದ್ದಿ ಕೇಳಿ ಓಡಿ ಬಂದ. ಸೋತು ಸಂಪತ್ತು, ಆನೆ, ಕುದುರೆ ಒಪ್ಪಿಸಿದ. ಮಗನನ್ನು ದಿಲ್ಲಿಗೆ ಕಳಿಸಬೇಕಾಯಿತು. ಆ ಮಗ 1313ರಲ್ಲಿ ವಾಪಸು ಬಂದ ಸಂಗತಿ ಶಾಸನದಲ್ಲಿದೆ. ಅಂದರೆ ರಾಜನೂ ಉಳಿದ, ರಾಜಧಾನಿಯೂ ಉಳಿಯಿತು. ಆಮೇಲೆ 1320ರ ದಶಕದ ಕೊನೆಯ ಹೊತ್ತಿಗೆ ತುಘಲಕನ ಸೈನ್ಯದ ಪೆಟ್ಟು ಬಿತ್ತು. ಆ ಬಳಿಕ ಬಲ್ಲಾಳ ಹೆಚ್ಚಾಗಿ ತಿರುವಣ್ಣಾಮಲೈನಲ್ಲೇ ಇದ್ದು, 1340ರ ದಶಕದ ಆರಂಭದಲ್ಲಿ ಮಧುರೆಯ ಸುಲ್ತಾನನ ಜೊತೆಗಿನ ಹೋರಾಟದಲ್ಲಿ ಸತ್ತ. ದಾಳಿಗಳು ಊರನ್ನು ಲೂಟಿ ಮಾಡಿದವು, ಅದನ್ನು ಸಣ್ಣದು ಮಾಡಿ ಹೇಳುವುದು ಬೇಡ. ಆದರೆ ಊರಿಗೆ ಅಧಿಕಾರ, ತೆರಿಗೆ, ದತ್ತಿ ಬರುವುದು ನಿಂತದ್ದು ಅದಕ್ಕಿಂತ ದೊಡ್ಡ ಪೆಟ್ಟು ಎಂದು ನನ್ನ ಅಭಿಪ್ರಾಯ. ಗುಡಿ ಎಂದರೆ ವರ್ಷವರ್ಷವೂ ಸೂರು ನೋಡಿಕೊಳ್ಳಬೇಕು, ಸಂದಿಯಲ್ಲಿ ಹುಟ್ಟಿದ ಗಿಡ ಕೀಳಬೇಕು. ಅದಕ್ಕೆ ಆಳು ಬೇಕು, ಆಳಿಗೆ ಕೂಲಿ ಬೇಕು.

ಕೇದಾರೇಶ್ವರ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಸದಿಗಳಿಂದ ಹತ್ತಿರವೇ ಇದೆ. ಎರಡನೇ ಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ್ದು. 19ನೇ ಶತಮಾನದಲ್ಲಿ ವಾಸ್ತು ಇತಿಹಾಸಕಾರ ಫರ್ಗುಸನ್ ಈ ಗುಡಿಯನ್ನು ಬಹಳ ಮೆಚ್ಚಿಕೊಂಡು ಬರೆದ. ಆಗಲೇ ಅದರ ಶಿಖರದಲ್ಲಿ ಆಲದ ಮರ ಬೇರುಬಿಟ್ಟು ಕಲ್ಲುಗಳನ್ನು ಸರಿಸುತ್ತಿತ್ತು. ಅದನ್ನೂ ಬರೆದಿದ್ದಾನೆ. ಯಾರೂ ಸಮಯಕ್ಕೆ ಕೀಳಲಿಲ್ಲ. ಗುಡಿ ಕುಸಿಯಿತು. ಆಮೇಲೆ ಬಿದ್ದ ಕಲ್ಲುಗಳನ್ನು ಆರಿಸಿ ಮತ್ತೆ ಜೋಡಿಸಿದರು, ಶಿಖರ ಮಾತ್ರ ಬರಲಿಲ್ಲ. ಯಾವ ಸೈನ್ಯವೂ ಮಾಡದ ಕೆಲಸವನ್ನು ಹಕ್ಕಿಯೊಂದು ತಂದು ಹಾಕಿದ ಬೀಜ ಮಾಡಿತು. ಗೋಡೆಯ ಸುತ್ತ ಒಂದು ಸುತ್ತು ಹಾಕಿ. ಇಲ್ಲಿ ಜನ ಕಡಿಮೆ, ಬೇಕಾದಷ್ಟು ಹೊತ್ತು ನಿಂತು ನೋಡಬಹುದು.

ಹುಲಿಕೆರೆಗೂ ಹೋಗಿಬನ್ನಿ. ಹಳೇಬೀಡಿನಿಂದ ಸ್ವಲ್ಪ ದೂರದ ಹಳ್ಳಿ, ಆಟೋ ಸಿಗುತ್ತದೆ. ಅಲ್ಲೊಂದು ಕಲ್ಯಾಣಿ ಇದೆ. ಮೆಟ್ಟಿಲು ಇಳಿಯುತ್ತಾ ಹೋದರೆ ಸುತ್ತ ಗೊಂಬೆಮನೆಯಷ್ಟು ಪುಟ್ಟ ಗುಡಿಗಳು, ಶಿಖರ ಸಮೇತ. ಹೊಯ್ಸಳೇಶ್ವರಕ್ಕೆ ಶಿಖರ ಇಲ್ಲ ನೋಡಿ. ಕಟ್ಟಿದ್ದು ಬಿತ್ತೋ, ಕಟ್ಟಲೇ ಇಲ್ಲವೋ ಎಂಬ ಚರ್ಚೆ ಇವತ್ತಿಗೂ ಇದೆ. ಹೊಯ್ಸಳರ ಶಿಖರ ಹೇಗಿರುತ್ತದೆ ಎಂದು ಇಲ್ಲಿ ಕಣ್ಣಿನ ಮಟ್ಟದಲ್ಲೇ ನೋಡಬಹುದು. ಹೊತ್ತು ಉಳಿದರೆ ಪುಷ್ಪಗಿರಿ ಹತ್ತಿ. ಮೇಲೆ ಮಲ್ಲಿಕಾರ್ಜುನನ ಗುಡಿ ಇದೆ, ಸುತ್ತಲ ಬಯಲು ಕಾಣುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಖುಷಿಯ ವಿಷಯವೇ. ಆದರೆ ಪಟ್ಟಿಯಲ್ಲಿರುವುದು ಹೊಯ್ಸಳೇಶ್ವರ. ಬಸ್ಸುಗಳು ಇನ್ನೂ ಜಾಸ್ತಿ ಅಲ್ಲಿಗೇ ಬರುತ್ತವೆ, ಅಲ್ಲಿಂದಲೇ ತಿರುಗುತ್ತವೆ. ಕೋಟೆಗೋಡೆಯ ತುಂಡುಗಳನ್ನು ಯಾರು ಕೇಳಬೇಕು?

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ಒಂದೇ ದಿನ ರಜೆ ಇದ್ದರೆ ಬೇಲೂರು ನೋಡಬೇಕೋ, ಹಳೇಬೀಡೋ? ಬೇಲೂರಿನಲ್ಲಿ ಇವತ್ತಿಗೂ ಪೂಜೆ ಇದೆ, ತೇರು ಇದೆ. ಮನೆಯ ಹಿರಿಯರು ಜೊತೆಗಿದ್ದರೆ ಅಲ್ಲಿಗೆ ಹೋಗಿ. ನಡೆಯಲು ಕಾಲಿದ್ದರೆ, ಬಿಸಿಲಿಗೆ ಟೋಪಿ ಇದ್ದರೆ ಹಳೇಬೀಡು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ ಅಷ್ಟೇ. ಎರಡರ ನಡುವೆ ಇರುವುದು 16 ಕಿಲೋಮೀಟರ್. ಬೇಲೂರಿನಲ್ಲಿ ಒಂದು ರಾತ್ರಿ ಉಳಿದುಕೊಂಡರೆ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹಳೇಬೀಡಿನಲ್ಲಿ ಇಳಿಯಬಹುದು. ಇಳಿದ ಕೂಡಲೇ ಟಿಕೆಟ್ ಕೌಂಟರಿಗೆ ಹೋಗಬೇಡಿ, ಕೆರೆಯ ಕಡೆ ಹೋಗಿ. ತಿಂಡಿ ಮಾತ್ರ ಮುಗಿಸಿಕೊಂಡೇ ಹೊರಡಿ. ಬಸ್ತಿಹಳ್ಳಿಯ ಕಡೆ ಹೋದ ಮೇಲೆ ಹೋಟೆಲಿಗಾಗಿ ವಾಪಸು ನಡೆಯಬೇಕಾಗುತ್ತದೆ.